ಕೋಟ್ಲೆ ಆದವರು ಒಳಗೆ ಬರಬಹುದು

ನಮ್ಮ ಅಜ್ಜಿಗೆ ಮೊಮ್ಮಕ್ಕಳು ಹುಟ್ಟಿದ ದಿನ ಒಂದೂ ನೆನಪಿರುತ್ತಿರಲಿಲ್ಲ. ಯಾರಿಗೆ ಯಾವ ಕಾಯಿಲೆ ಆಗಿ ಹೋಗಿದೆ, ಯಾರಿಗೆ ಇನ್ನೂ ಬಾಕಿ ಇದೆ ಎಂಬುದು ಮಾತ್ರ ಬಾಯಿಪಾಠ. "ಇವಳಿಗೆ ದಡಾರ ಆಗಿದೆ, ಕೆಪ್ಪಟ್ರಾಯ ಆಗಿದೆ, ಕೋಟ್ಲೆ ಬಾಕಿ" ಎಂದು ನನ್ನನ್ನು ನೆಂಟರಿಗೆ ಪರಿಚಯಿಸುತ್ತಿದ್ದರು. ಕೆಪ್ಪಟ್ರಾಯ ಎಂದರೆ ಕೆನ್ನೆ ಊದುವ ಮಂಗಬಾವು. ಕೋಟ್ಲೆ ಎಂದರೆ ಈಗ ಸಣ್ಣ ಮಕ್ಕಳೂ ಚಿಕನ್‌ಪಾಕ್ಸ್ ಎನ್ನುವ ಕಾಯಿಲೆ. ನನ್ನ ಮಾರ್ಕು ಎಷ್ಟು, ನಾನು ಯಾವ ಕ್ಲಾಸು ಎಂಬುದು ಅಜ್ಜಿಗೆ ಬೇಕಾಗಿರಲಿಲ್ಲ.

ಬೆಳ್ಳಾರೆ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮನೆಯೊಳಗೆ ಆಡುತ್ತಿದ್ದುದು ಅರೆಭಾಷೆ. ಅದನ್ನು ಇದ್ದ ಹಾಗೇ ಬರೆದರೆ ಓದುವವರಿಗೆ ಕಷ್ಟವೆಂದು ಇಲ್ಲಿ ಎಲ್ಲರ ಬಾಯಿಗೂ ನಮ್ಮ ಕಡೆಯ ಕನ್ನಡ ಹಾಕಿದ್ದೇನೆ. ಅಜ್ಜಿ ಇದ್ದಿದ್ದರೆ ಇದಕ್ಕೂ ಒಂದು ಕೊಂಕು ಹೇಳುತ್ತಿದ್ದರು.

ಮೈಮೇಲೆ ಏನೇ ಎದ್ದರೂ ಮೊದಲ ಪರೀಕ್ಷೆ ಜಗಲಿಯಲ್ಲಿ. ಬೆಳಕು ಬೀಳುವ ಕಡೆ ನಮ್ಮನ್ನು ಎಳೆದು ನಿಲ್ಲಿಸಿ, ಅಂಗಿ ಬಿಚ್ಚಿಸಿ, ಅಜ್ಜಿ ಕಿವಿಯ ಹಿಂದಿನಿಂದ ಶುರುಮಾಡುತ್ತಿದ್ದರು. ಮೂಗು ಸುರಿದು, ಕೆಮ್ಮಿ, ಕಣ್ಣು ಕೆಂಪಾಗಿ, ಆಮೇಲೆ ಕಿವಿಯ ಹಿಂದಿನಿಂದ ಮುಖಕ್ಕೆ, ಮುಖದಿಂದ ಮೈಗೆ ಕೆಂಪು ಇಳಿದು ಬಂದರೆ ದಡಾರ. ಬೆಳಿಗ್ಗೆ ಬೆನ್ನಿನಲ್ಲಿದ್ದ ದದ್ದು ಮಧ್ಯಾಹ್ನ ತೊಡೆಗೆ ಹಾರಿದರೆ ಪಿತ್ತದ ಗಂದೆ, ಅದಕ್ಕೆ ಕಂಬಳಿ ಹೊದೆಸಿ ಉಜ್ಜುವುದು. ಬೆರಳ ಸಂದಿಯಲ್ಲಿ ಕಜ್ಜಿ. ಕುತ್ತಿಗೆಯಲ್ಲಿ ಸಾಸಿವೆಯ ಹಾಗೆ ಎದ್ದರೆ ಬೆವರುಸಾಲೆ, ಅದಕ್ಕೆ "ಹೋಗಿ ಮೀಯಿ" ಎಂಬ ಒಂದೇ ಮದ್ದು. ಕೋಟ್ಲೆಯನ್ನು ಹುಡುಕಲು ಮಾತ್ರ ಅಜ್ಜಿ ನಮ್ಮ ತಲೆಯನ್ನು ತಮ್ಮ ಮಡಿಲಿಗೆ ಬಗ್ಗಿಸಿ, ಹೇನು ನೋಡುವವರ ಹಾಗೆ ಕೂದಲು ಬಿಡಿಸುತ್ತಿದ್ದರು. ಕೋಟ್ಲೆಯ ಗುಳ್ಳೆ ತಲೆಯೊಳಗೂ ಏಳುತ್ತದೆ, ಬಾಯೊಳಗೂ ಏಳುತ್ತದೆ. ಒಂದು ಈಗ ಹುಟ್ಟಿದ್ದು, ಒಂದು ನೀರು ತುಂಬಿದ್ದು, ಒಂದು ಒಣಗಿದ್ದು, ಹೀಗೆ ಎಲ್ಲ ಪ್ರಾಯದವು ಒಟ್ಟಿಗೆ ಇರುತ್ತವೆ ಎಂದು ಅವರೇ ಹೇಳಿಕೊಟ್ಟದ್ದು.

ಅಜ್ಜಿಯ ಪಟ್ಟಿಯಲ್ಲಿ ಇನ್ನೊಂದಿತ್ತು, ಅದು ಡಾಕ್ಟರರ ಪುಸ್ತಕದಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಗುಡ್ಡಗಳಲ್ಲಿ ಚೇರೆ ಎಂಬ ಮರ ಇದೆ. ಅದರ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ, ಕಣ್ಣು ಮುಚ್ಚಿಹೋಗುವಷ್ಟು ಮುಖ ಊದುತ್ತದೆ. ಕೆಲವರಿಗೆ ಮರದ ಅಡಿಯಲ್ಲಿ ಹಾದುಹೋದರೂ ಸಾಕು. ಚೇರೆ ತಾಗಿದವರಿಗೆ ಮದ್ದು ತಾರೆ ಎಂಬ ಇನ್ನೊಂದು ಮರ. ಅದಕ್ಕೆ ಸುತ್ತು ಬಂದು, ಚೇರೆ ಮಾಡಿದ್ದನ್ನು ನೀನು ತೆಗೆ ಎಂದು ಬೇಡಿಕೊಂಡು, ಒಂದು ತುಂಡು ತೊಗಟೆ ಕೆತ್ತಿ ತಂದು ಕುದಿಸಿ ಆ ನೀರಿನಲ್ಲಿ ಮೀಯುವುದು. ಕಡಬದ ಕಡೆ ರಬ್ಬರು ಮಾಡಿಕೊಂಡು ಕೂತ ಕೇರಳದವರೂ ಇದನ್ನೇ ಮಾಡುತ್ತಿದ್ದರು, ಮರಕ್ಕೆ ಅವರು ಕರೆಯುವ ಹೆಸರು ಬೇರೆ ಅಷ್ಟೇ. ನಮಗೆ ಮಕ್ಕಳಿಗೆ ಇದೊಂದು ಆಟ. ಚೇರೆ ತಾಗದಿದ್ದರೂ ತಾರೆ ಮರ ಕಂಡರೆ ಒಂದು ಸುತ್ತು ಹಾಕಿ ಬರುತ್ತಿದ್ದೆವು, ಮುಂದಕ್ಕೆ ಬೇಕಾದೀತು ಎಂದು.

ನನಗೆ ಕೋಟ್ಲೆ ಬಿದ್ದದ್ದು ಐದನೇ ಕ್ಲಾಸಿನ ಪರೀಕ್ಷೆಯ ಹೊತ್ತಿಗೆ. ಕ್ಲಾಸಿನ ಅರ್ಧ ಬೆಂಚು ಆಗಲೇ ಖಾಲಿಯಾಗಿತ್ತು. ಜ್ವರ ಬಂದ ಮರುದಿನ ಹೊಟ್ಟೆಯ ಮೇಲೆ ಒಂದು ನೀರಹನಿ ಕೂತ ಹಾಗೆ ಕಾಣಿಸಿತು. ಒರೆಸಿದೆ, ಹೋಗಲಿಲ್ಲ. ಅಜ್ಜಿ ತಲೆ ಬಗ್ಗಿಸಿ ನೋಡಿ, "ಬಾಕಿ ಇದ್ದದ್ದು ಒಂದು ಮುಗೀತು" ಎಂದರು. ಪರೀಕ್ಷೆ ಇಲ್ಲ ಎಂದು ತಿಳಿದು ನನಗಾದ ಸಂತೋಷವನ್ನು ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ಆದರೆ ಮನೆಯಲ್ಲಿ ಎಲ್ಲರ ಮುಖ ಸಪ್ಪೆಯಾಗಿತ್ತು. ಅತ್ತೆಯ ಮದುವೆ ಗೊತ್ತಾಗಿತ್ತು. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಅವರಿಗೆ ತುಂಬ ಕಡೆಯಿಂದ ನೋಡಿ ಹೋಗಿದ್ದರು, ಕೂಡಿಬಂದದ್ದು ಇದೊಂದೇ. ಹುಡುಗ ಕೊಯಿಲದ ಕಡೆಯವನು. ಕೊಯಿಲ ಈಗ ಕಡಬಕ್ಕೆ ಸೇರಿದ್ದು; ಆಗ ಕಡಬ ಬೇರೆ ತಾಲೂಕು ಆಗಿರಲಿಲ್ಲ, ಅದೆಲ್ಲ ಪುತ್ತೂರಿಗೇ ಸೇರಿತ್ತು. ಅವರ ಮನೆ ತುಂಬ ದನ, ಒಳ್ಳೆಯ ಜನ ಎಂದು ಅಪ್ಪ ಹೋಗಿಬಂದು ಹೇಳಿದ್ದರು. ಅತ್ತೆ ಹುಡುಗನನ್ನು ಕಂಡದ್ದು ಒಂದು ಸಲ, ಕಾಫಿ ಕೊಡುವಾಗ. ಆ ಮೇಲೆ ಅವರು ಕೆಲಸ ಮಾಡುತ್ತಾ ತನ್ನಷ್ಟಕ್ಕೆ ನಗುವುದನ್ನು ನಾನು ಅಡಗಿ ನೋಡಿದ್ದೇನೆ.

ಕೋಟ್ಲೆಯ ಮನೆಗೆ ಒಂದು ಕಟ್ಟುನಿಟ್ಟು ಇತ್ತು. ಒಣಗಿ ನೀರು ಮೀಯುವವರೆಗೆ ಅಂಗಳದ ಬಾಯಿಗೆ ಅಡ್ಡಮರ ಹಾಕಿದ ದಣಪೆಗೆ ಕಹಿಬೇವಿನ ಸೊಪ್ಪು, ಹೊರಗಿನವರು ಬರುವ ಹಾಗಿಲ್ಲ. ರೋಗಿಯ ಕೋಣೆಗೆ ಹೋಗುವುದು ಮೊದಲೇ ಕೋಟ್ಲೆ ಆದವರು ಮಾತ್ರ. ಅಜ್ಜಿಗೆ ಆಗಿತ್ತು, ಆದರೆ ಅವರಿಗೆ ಬಗ್ಗಲು ಆಗದು. ಅವ್ವನಿಗೆ ಆಗಿರಲಿಲ್ಲ, ಮೇಲಾಗಿ ಮೊಲೆ ಕುಡಿಯುವ ತಮ್ಮ ಇದ್ದ. ಉಳಿದದ್ದು ಅತ್ತೆ.

"ಮದುವೆ ಹುಡುಗಿ ಬೇಡ" ಎಂದರು ಅವ್ವ.

"ಎಂತ ಆಗುದಿಲ್ಲ. ಇವಳಿಗೆ ನಾಲ್ಕು ವರ್ಷದಲ್ಲೇ ಆಗಿ ಹೋಗಿದೆ. ಮೈ ತುಂಬ ಬಿದ್ದಿತ್ತು, ನಾನೇ ಅಲ್ವಾ ನೋಡಿದ್ದು?" ಎಂದರು ಅಜ್ಜಿ.

ಅಜ್ಜಿಯ ಬಾಯಿಪಾಠದ ಮೇಲೆ ನಮ್ಮಲ್ಲಿ ಯಾರೂ ಪ್ರಶ್ನೆ ಹಾಕುತ್ತಿರಲಿಲ್ಲ.

ಆ ಕತ್ತಲೆ ಕೋಣೆಯ ದಿನಗಳನ್ನು ನೆನೆದರೆ ನನಗೆ ಈಗಲೂ ಸುಖವಾಗುತ್ತದೆ. ಚಾಪೆಯ ಮೇಲೆ ಎಳೆ ಬಾಳೆಲೆ ಹಾಸಿ ನನ್ನನ್ನು ಮಲಗಿಸುತ್ತಿದ್ದರು. ಎಲೆ ಬೆಚ್ಚಗಾದ ಕೂಡಲೇ ಅತ್ತೆ ಇನ್ನೊಂದು ಕತ್ತರಿಸಿ ತರುತ್ತಿದ್ದರು. ಮನೆಯಲ್ಲಿ ಒಗ್ಗರಣೆ ಬಂದ್, ಮೀನು ಬಂದ್, ನನಗೆ ಸೀಯಾಳ ಮತ್ತು ಉಪ್ಪು ಕಡಿಮೆಯ ಗಂಜಿ. ತುರಿಸಬೇಕು ಅನ್ನಿಸಿದರೆ ಕಹಿಬೇವಿನ ಕಟ್ಟಿನಿಂದ ಅತ್ತೆ ಸವರುತ್ತಿದ್ದರು. ನಾನು ಕದ್ದು ಕೆರೆಯುತ್ತೇನೆಂದು ತಿಳಿದು ನನ್ನ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡೇ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದರು. ಅವರು ಮದುವೆಯಾಗಿ ಹೋಗುತ್ತಾರೆ ಎಂಬ ಸಿಟ್ಟು ನನಗಿತ್ತು. ಗುಣವಾಗದಿದ್ದರೇ ಒಳ್ಳೆಯದು ಎಂದು ಆಸೆಪಟ್ಟದ್ದೂ ಉಂಟು.

ಗುಣವಾಯಿತು. ಅರಸಿನ, ಕಹಿಬೇವು ಹಾಕಿದ ನೀರು ಹೊಯ್ದರು, ದಣಪೆಯ ಸೊಪ್ಪು ತೆಗೆದರು, ಮನೆ ಸಾರಿಸಿದರು. ಮದುವೆಯ ಕಾಗದ ಹಂಚಿ ಆಯಿತು. ಅಂಗಳದಲ್ಲಿ ಚಪ್ಪರಕ್ಕೆ ಅಡಿಕೆ ಮರದ ಕಂಬಗಳನ್ನೂ ಊರಿದರು. ಎರಡು ವಾರ ಕಳೆದಿರಬೇಕು, ಅತ್ತೆ ದನದ ಹಟ್ಟಿಗೆ ಹಾಸಲು ಸೊಪ್ಪು ತರಲಿಕ್ಕೆ ಗುಡ್ಡಕ್ಕೆ ಹೋಗಿ ಬಂದವರು ಮೈ ಕೈ ನೋವು ಎಂದು ಮಲಗಿದರು. ಮರುದಿನ ಮುಖದಲ್ಲಿ, ಕುತ್ತಿಗೆಯಲ್ಲಿ ಗುಳ್ಳೆ.

ಅಜ್ಜಿ ಜಗಲಿಗೆ ಕರೆದು ನೋಡಿದರು. ನೋಡಿದರು ಎಂದರೆ ದೂರದಿಂದ, ಒಂದು ಕ್ಷಣ. "ಚೇರೆ. ಮದುವೆ ಹತ್ತಿರ ಬಂದಾಗಲೇ ಇವಳಿಗೆ ಚೇರೆಯ ಅಡಿಗೆ ಹೋಗ್ಲಿಕ್ಕೆ ಆದದ್ದು" ಎಂದು ಗೊಣಗಿದರು. ಯಾರಿಗೂ ಸಂಶಯ ಬರಲಿಲ್ಲ. ಗುಡ್ಡಕ್ಕೆ ಹೋದದ್ದು ನಿಜ, ಚೇರೆ ಇರುವುದೂ ನಿಜ. ಕೋಟ್ಲೆ ಒಮ್ಮೆ ಆಗಿ ಹೋಗಿದೆ, ಅದು ಮತ್ತೆ ಬರುವುದಿಲ್ಲವಲ್ಲ.

ಹಾಗೆ ಅತ್ತೆಯನ್ನು ತಾರೆ ಮರದ ಹತ್ತಿರ ಕರೆದುಕೊಂಡು ಹೋದರು. ಮುಂದೆ ಕತ್ತಿ ಹಿಡಿದ ಅಪ್ಪ, ನಡುವೆ ಅತ್ತೆ, ಅವರ ಹಿಂದೆ ಅಜ್ಜಿ, ಬಾಲದ ಹಾಗೆ ನಾನು. ಜ್ವರದಲ್ಲಿ ಅತ್ತೆಗೆ ನಡೆಯಲೂ ಆಗುತ್ತಿರಲಿಲ್ಲ. ಸುತ್ತು ಬಂದು ಮರಕ್ಕೆ ಕೈಮುಗಿದವರು ಅಲ್ಲೇ ಬೇರಿನ ಮೇಲೆ ಕೂತುಬಿಟ್ಟರು. ನಾನು ಪಕ್ಕದಲ್ಲಿ ಕೂತೆ. ಸೆರಗು ಜಾರಿದ ಬೆನ್ನಿನ ಮೇಲೆ ನೀರಹನಿಯ ಹಾಗೆ ಒಂದು ಗುಳ್ಳೆ ಕಂಡಿತು. ಅಂಥದ್ದನ್ನೇ ನಾನು ನನ್ನ ಹೊಟ್ಟೆಯ ಮೇಲೆ ಒರೆಸಿ ನೋಡಿದವಳು. ಅಜ್ಜಿ ನನಗೆ ಮಾಡಿದ ಹಾಗೆ ಅತ್ತೆಯ ಬೈತಲೆ ಬಿಡಿಸಿದೆ.

"ಅಜ್ಜೀ, ಅತ್ತೆಯ ತಲೆಯೊಳಗೂ ಉಂಟು."

"ಸುಮ್ಮನಿರು."

"ಉಂಟು ಅಜ್ಜಿ. ನನ್ನದರ ಹಾಗೇ."

ಅಜ್ಜಿ ಬಂದು ಬಗ್ಗಿದರು. ಬಗ್ಗಲಾಗದ ಅಜ್ಜಿ ಮೊಣಕಾಲೂರಿ ಕೂತು ಅತ್ತೆಯ ಕೂದಲು ಬಿಡಿಸಿದರು, ಬಾಯಿ ತೆರೆಸಿದರು, ಬೆನ್ನು ನೋಡಿದರು. ಆಮೇಲೆ ಅಪ್ಪನನ್ನು ಕೇಳಿದರು, "ಇವಳಿಗೆ ಸಣ್ಣದರಲ್ಲಿ ಬಿದ್ದದ್ದು, ಹಟ್ಟಿಗೆ ಮರ ಕಡಿಸಿದ ವರ್ಷ ಅಲ್ವಾ?"

ಅಪ್ಪ ಹೌದೆಂದರು.

"ಅಂಗಳದಲ್ಲಿ ಮರದ ರಾಶಿ ಇತ್ತು. ಅದರಲ್ಲಿ ಚೇರೆ ಇತ್ತಾ?"

ಅಪ್ಪನಿಗೆ ನೆನಪಿತ್ತು. ಚೇರೆಯ ದಿಮ್ಮಿ ಇತ್ತು, ಅತ್ತೆ ಅದರ ಮೇಲೆ ಕುದುರೆ ಆಡುತ್ತಿದ್ದರು. ಆ ವರ್ಷವೇ ಊರಲ್ಲಿ ಮಕ್ಕಳಿಗೆಲ್ಲ ಕೋಟ್ಲೆ ಬಿದ್ದಿತ್ತು. ನಾಲ್ಕು ವರ್ಷದ ಮಗುವಿನ ಮೈಯಲ್ಲಿ ಗುಳ್ಳೆ ಎದ್ದದ್ದು ಕಂಡು ಅಜ್ಜಿ ಇದೂ ಅದೇ ಎಂದು ತಿಳಿದರು. ಆಗ ಚೇರೆಯನ್ನು ಕೋಟ್ಲೆ ಎಂದರು, ಈಗ ಕೋಟ್ಲೆಯನ್ನು ಚೇರೆ ಎಂದರು. ಅಜ್ಜಿ ಬೇರಿನ ಮೇಲೆ ಅತ್ತೆಯ ಪಕ್ಕ ಕೂತು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅಜ್ಜಿ ಅಳುವುದನ್ನು ನಾನು ಮೊದಲು ಕಂಡದ್ದು ಆಗ, ಕಂಡು ಹೆದರಿದೆ.

ಮದುವೆಯ ದಿನ ನಿಲ್ಲಿಸಲೇಬೇಕಿತ್ತು. ಕೋಟ್ಲೆ ಬಿದ್ದ ಮನೆಯಲ್ಲಿ ಚಪ್ಪರ ಏರಿಸುವುದುಂಟೇ? ದೊಡ್ಡವರಿಗೆ ಬಿದ್ದರೆ ಮಕ್ಕಳಿಗೆ ಬಿದ್ದ ಹಾಗಲ್ಲ, ಅತ್ತೆಯ ಮುಖ ಗುರುತು ಸಿಗದಂತೆ ಆಗಿತ್ತು. ಅಪ್ಪ ಬಸ್ಸು ಹಿಡಿದು ಕೊಯಿಲಕ್ಕೆ ಹೋದರು. ಸಂಜೆ ಬಂದು ಜಗಲಿಯಲ್ಲಿ ಕೂತು ಚಪ್ಪಲಿ ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡರು.

"ಎಂತ ಹೇಳಿದ್ರು?" ಎಂದು ಅಜ್ಜಿ ಕೇಳಿದರು.

"ಹುಡುಗ ಇರ್ಲಿಲ್ಲ. ಹಿರಿಯರು, 'ನೋಡುವ' ಅಂದ್ರು."

ನಮ್ಮ ಕಡೆಯಲ್ಲಿ ಇಲ್ಲ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ನೋಡುವ ಎನ್ನುತ್ತಾರೆ. ಅದರ ಅರ್ಥ ಮನೆಯಲ್ಲಿ ಎಲ್ಲರಿಗೂ ಆಯಿತು, ಗೋಡೆಯ ಆಚೆ ಮಲಗಿದ್ದ ಅತ್ತೆಗೂ ಆಯಿತು.

ಈಗ ಆ ಕೋಣೆಗೆ ಹೋಗಿಬರುವ ಹಕ್ಕು ನನ್ನದು. ಕೋಟ್ಲೆ ಆದವಳು ನಾನು, ಯಾರಿಗೂ ಸಂಶಯವಿಲ್ಲದ ಹಾಗೆ ಆದವಳು. ಬಾಳೆಲೆ ಬದಲಾಯಿಸಿದೆ, ಸೀಯಾಳ ಕುಡಿಸಿದೆ, ಕಹಿಬೇವು ಸವರಿದೆ. ಅಜ್ಜಿ ಮನೆಯ ಕನ್ನಡಿಯನ್ನು ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟಿದ್ದರು.

"ನನ್ನ ಮುಖ ಹೇಗುಂಟು?" ಎಂದು ಅತ್ತೆ ಕೇಳಿದರು.

ನಾನು ಸರಿಯಾಗಿ ನೋಡಿ, "ನನ್ನ ಮುಖದ ಹಾಗೇ ಉಂಟು" ಎಂದೆ. ನನ್ನ ಮುಖದ ತುಂಬ ಆಗ ಹಕ್ಕಳೆ ಉದುರಿದ ಗುಳಿಗಳು. ಅತ್ತೆ ಮೊದಲು ನಕ್ಕರು, ಆಮೇಲೆ ಗೋಡೆಗೆ ತಿರುಗಿ ಅತ್ತರು. ನಾನು ಅವರ ಕೈಯನ್ನು ನನ್ನ ಕೈಯೊಳಗೆ ಹಿಡಿದುಕೊಂಡು ಮಲಗಿದೆ. ಮದುವೆ ತಪ್ಪಲಿ ಎಂದು ನಾನು ಆಸೆಪಟ್ಟಿದ್ದೆನಲ್ಲ, ಆ ಆಸೆ ಆ ಮಧ್ಯಾಹ್ನವೇ ಹೋಯಿತು.

ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಿದ್ದ ಹೊತ್ತು. ಇನ್ನೂ ನೀರು ಮೀಯಿಸಿರಲಿಲ್ಲ. ಅಪ್ಪ ಅಂಗಳದಲ್ಲಿ ಚಪ್ಪರದ ಕಂಬ ಅಲುಗಾಡಿಸಿ ಕೀಳಲು ನೋಡುತ್ತಿದ್ದರು. ನಾನು ದಣಪೆಯ ಮೇಲೆ ಕೂತಿದ್ದೆ. ಬಸ್ಸಿನ ದಾರಿಯಿಂದ ಬಿಳಿ ಅಂಗಿ ಹಾಕಿದ ಒಬ್ಬರು ಬಂದು ಕಹಿಬೇವಿನ ಸೊಪ್ಪಿನ ಹತ್ತಿರ ನಿಂತರು. ಅದು ಹುಡುಗನೇ. ಕೈಯಲ್ಲಿ ಒಂದು ಚೀಲ.

ನಾನು ದಣಪೆಗೆ ಕೈ ಅಡ್ಡ ಹಿಡಿದೆ. "ಕೋಟ್ಲೆ ಆದವರು ಮಾತ್ರ ಒಳಗೆ ಬರಬಹುದು."

"ಹೌದಾ? ಆಗಿದೆ ಅಂತ ಗೊತ್ತಾಗುದು ಹೇಗೆ?" ಎಂದು ಅವರು ಬಗ್ಗಿ ಕೇಳಿದರು.

ಕೇಳುವವರು ಸಿಕ್ಕಿದರೆ ನಾನು ಬಿಡುತ್ತೇನೆಯೇ? ಚೇರೆ, ದಿಮ್ಮಿ, ಕುದುರೆ, ತಾರೆ ಮರ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ತಲೆಯೊಳಗೆ ಇದ್ದರೆ ಕೋಟ್ಲೆ, ಇಲ್ಲದಿದ್ದರೆ ಚೇರೆ, ಕಂಡುಹಿಡಿದದ್ದು ನಾನು ಎಂದೂ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ ಕೇಳಿದರು. ಅಷ್ಟರಲ್ಲಿ ಅಪ್ಪ ಕಂಬ ಬಿಟ್ಟು ಓಡಿ ಬಂದರು, ಅಜ್ಜಿ ಜಗಲಿಗೆ ಬಂದರು.

"ನನಗೆ ಆಗಿದೆ. ಒಳಗೆ ಬರಬಹುದಾ?" ಎಂದರು ಹುಡುಗ, ಎಡ ಹುಬ್ಬಿನ ಪಕ್ಕದ ಒಂದು ಗುಳಿ ತೋರಿಸಿ.

"ಆಗಿದೆ ಅಂತ ಹೇಳಿದ್ದನ್ನೆಲ್ಲ ನಂಬಿ ನನಗೆ ಸಾಕಾಯ್ತು" ಎಂದರು ಅಜ್ಜಿ. ಮದುಮಗನಾಗಬೇಕಾದವನನ್ನು ಜಗಲಿಯ ಅಂಚಿನಲ್ಲಿ ಕೂರಿಸಿ, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. "ಇದು ಚೇರೆಯದ್ದಲ್ಲ ಅಂತ ಎಂತ ಗ್ಯಾರಂಟಿ?"

"ತಲೆಯೊಳಗೂ ಇತ್ತು. ಮನೆಯಲ್ಲಿ ಈಗಲೂ ಹೇಳ್ತಾರೆ."

ಅಜ್ಜಿಯ ಕೈ ಸಡಿಲವಾಯಿತು. "ಹಾಗಾದ್ರೆ ಸರಿ. ಬನ್ನಿ."

ಮದುವೆಗೆ ಮೊದಲು ಹುಡುಗ ಹುಡುಗಿಯ ಕೋಣೆಗೆ ಹೋಗುವುದು ನಮ್ಮಲ್ಲಿ ಇಲ್ಲ. ಆದರೆ ಆ ಮನೆಯಲ್ಲಿ ಆಗ ನಡೆಯುತ್ತಿದ್ದುದು ಒಂದೇ ಕಾನೂನು, ಅದರಲ್ಲಿ ಅವರು ಪಾಸಾಗಿದ್ದರು. ಚಾಪೆಯ ಹತ್ತಿರವೇ ನೆಲದಲ್ಲಿ ಕೂತರು. ಅತ್ತೆ ಮುಸುಕು ಎಳೆದುಕೊಂಡರು. ಇಬ್ಬರೂ ಮಾತಾಡುವುದಿಲ್ಲ. ಬಾಗಿಲಲ್ಲಿ ನಿಂತ ನನಗೇ ಕಷ್ಟವಾಯಿತು.

"ನಮ್ಮ ಕಪ್ಪು ದನ ಕರು ಹಾಕಿತು" ಎಂದರು ಅವರು ಕೊನೆಗೆ.

ಮುಸುಕಿನ ಒಳಗಿನಿಂದ "ಹೆಣ್ಣಾ?" ಎಂದು ಕೇಳಿಸಿತು.

"ಹೆಣ್ಣು. ಹಣೆಯಲ್ಲಿ ಬಿಳಿ ಚುಕ್ಕೆ ಉಂಟು."

ಅತ್ತೆ ಮುಸುಕು ತೆಗೆದರು. ಹುಡುಗ ನೋಡಿದರು, ಹಿಂದೆ ಸರಿಯಲಿಲ್ಲ. ಚೀಲದಿಂದ ಒಂದು ಸೀಯಾಳ ತೆಗೆದು ಚಾಪೆಯ ಪಕ್ಕ ಇಟ್ಟರು. ಬೆಳ್ಳಾರೆಯಲ್ಲಿ ಸೀಯಾಳ ಇಲ್ಲವೆಂದು ಕೊಯಿಲದಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದರು ಎಂದು ನಾವು ಆಮೇಲೆ ಎಷ್ಟೋ ವರ್ಷ ತಮಾಷೆ ಮಾಡಿದ್ದೇವೆ.

ಹೊರಡುವಾಗ ಅಂಗಳದಲ್ಲಿ ನಿಂತು ಅಪ್ಪನಿಗೆ ಹೇಳಿದರು, "ಕಂಬ ತೆಗೀಬೇಡಿ. ಮತ್ತೆ ಹಾಕ್ಲಿಕ್ಕೆ ಉಂಟಲ್ಲ. ಮನೆಯವರಿಗೆ ನಾನು ಹೇಳ್ತೇನೆ." ಅಪ್ಪ ಸಡಿಲವಾಗಿದ್ದ ಕಂಬದ ಬುಡಕ್ಕೆ ಮಣ್ಣು ತುಳಿದರು.

ಮಳೆ ಹಿಡಿಯುವ ಮೊದಲು ಮದುವೆ ಆಯಿತು. ಅತ್ತೆ ಮುಖಕ್ಕೆ ಎಷ್ಟು ಪೌಡರು ಹಾಕಿದರೂ ಗುಳಿಗಳು ಅಡಗಲಿಲ್ಲ. ನನ್ನದೂ ಅಡಗಲಿಲ್ಲ, ಫೋಟೊದಲ್ಲಿ ನಾವಿಬ್ಬರೂ ಒಂದೇ ಪೈಕಿಯವರೆಂದು ಯಾರಿಗೂ ಗೊತ್ತಾಗುತ್ತದೆ. ಅತ್ತೆಯ ಗಂಡನಾಗಿ ಈಗ ನನಗೆ ಮಾವನಾದವರ ಮೇಲೆ ಅಜ್ಜಿಗೆ ವಿಪರೀತ ವಿಶ್ವಾಸ ಬಂತು. ಎಷ್ಟೋ ವರ್ಷಗಳ ನಂತರ, ಅವರ ಮಗ ಶಾಲೆಗೆ ಹೋಗುವ ಕಾಲದಲ್ಲಿ, ಮಾವನಿಗೆ ಚೇರೆ ತಾಗಿ ಮಲಗಿದ್ದಾರೆ ಎಂದು ಸುದ್ದಿ ಬಂತು. ಹಣ್ಣು ಮುದುಕಿಯಾಗಿದ್ದ ಅಜ್ಜಿ ಕೋಲೂರಿಕೊಂಡು ಹೋಗಿ, ತಾವೇ ನಿಂತು ತಾರೆಯ ತೊಗಟೆ ಕೆತ್ತಿಸಿ, ಕಟ್ಟು ಕಟ್ಟಿ ಕೊಯಿಲಕ್ಕೆ ಕಳಿಸಿದರು. ಮುಂದಿನ ವರ್ಷ ತೀರಿಕೊಂಡರು.

ಮಾವ ಹೋಗಿಯೂ ಈಗ ಕೆಲವು ವರ್ಷ ಆಯಿತು.

ಮೊನ್ನೆ ಬೇಸಗೆಯಲ್ಲಿ ಅತ್ತೆಯ ಮಗ ಫೋನ್ ಮಾಡಿದ. ಪುತ್ತೂರಿಗೆ ಮದುವೆಯಾಗಿ ಬಂದ ನಾನು ಇಲ್ಲೇ ಇದ್ದೇನೆ, ನನ್ನ ಕೂದಲೂ ಬೆಳ್ಳಗಾಗಿದೆ. ಅತ್ತೆಗೆ ಪಕ್ಕೆಯಲ್ಲಿ ಉರಿ, ಬೆನ್ನಿನಿಂದ ಹೊಟ್ಟೆಯವರೆಗೆ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ ಎದ್ದಿದೆಯಂತೆ. ಸರ್ಪಸುತ್ತು. ನೆರೆಮನೆಯವರು ಆಗಲೇ ನಾಗದೋಷ ಎಂದು ನಾಗನ ಕಲ್ಲಿನವರೆಗೆ ಮಾತು ಒಯ್ದಿದ್ದರು. ಸರ್ಪದ ತಲೆ ಮತ್ತು ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಯಾರೋ ಅತ್ತೆಯ ಕಿವಿಗೂ ಹಾಕಿದ್ದರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಕರೆದುಕೊಂಡು ಬಾ ಎಂದು ಬೈದು, ಪುತ್ತೂರಿನಲ್ಲಿ ಡಾಕ್ಟರಿಗೆ ತೋರಿಸಿದೆ.

ಡಾಕ್ಟರು ಸಣ್ಣ ಪ್ರಾಯದ ಹೆಣ್ಣುಮಗಳು. ನೋಡಿ, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಮಾತ್ರೆ ಬರೆದರು. "ಅಜ್ಜಿ, ನಿಮಗೆ ಹಿಂದೆ ಕೋಟ್ಲೆ ಆಗಿತ್ತಲ್ಲ, ಇದು ಅದೇ. ಅದು ಮೈಯಿಂದ ಹೋಗುದಿಲ್ಲ. ನರದಲ್ಲಿ ಅಡಗಿ ಕೂತಿರ್ತದೆ, ಪ್ರಾಯ ಆದಾಗ ಹೀಗೆ ಬರ್ತದೆ."

"ಅಷ್ಟು ವರ್ಷ ಒಳಗೇ ಇತ್ತಾ?" ಎಂದರು ಅತ್ತೆ.

ಅಷ್ಟು ವರ್ಷ. ನನ್ನ ಹೊಟ್ಟೆಯ ಮೇಲಿನ ಆ ನೀರಹನಿ ಅತ್ತೆಯ ಬೆನ್ನಿನೊಳಗೆ ಇಷ್ಟು ಕಾಲ ಇತ್ತು ಎಂದು ನೆನೆದು ನನಗೆ ಒಂದು ಥರ ಆಯಿತು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ಇದರ ನೀರು ತಾಗಿದರೆ ಕೋಟ್ಲೆ ಆಗದವರಿಗೆ ಕೋಟ್ಲೆ ಬರಬಹುದು, ಒಣಗುವವರೆಗೆ ಎಳೆ ಮಕ್ಕಳ ಹತ್ತಿರ ಬೇಡ, ಒಣಗಿದ ಮೇಲೆ ಹೆದರಿಕೆ ಇಲ್ಲ. ಅತ್ತೆಯ ಮನೆಯಲ್ಲಿ ಮೊಮ್ಮಗನ ಮಗು, ಇನ್ನೂ ತೊಟ್ಟಿಲಲ್ಲಿ ಇರುವುದು. ಅತ್ತೆಯ ಮಗ ಏನು ಮಾಡುವುದೆಂದು ತಿಳಿಯದೆ ನಿಂತ. "ನನ್ನ ಮನೆಗೆ ಬರಲಿ. ನನಗೆ ಆಗಿದೆ" ಎಂದೆ.

ಬಾಳೆಲೆ ಹಾಸಲಿಲ್ಲ, ಒಗ್ಗರಣೆ ನಿಲ್ಲಿಸಲಿಲ್ಲ. ಡಾಕ್ಟರು ಕೊಟ್ಟ ಲೋಷನ್ ಹಚ್ಚುವುದು, ಸಡಿಲ ಬಟ್ಟೆ ಹಾಕಿಸುವುದು, ಅಷ್ಟೇ ಕೆಲಸ. ನೋವು ಜೋರಿದ್ದಾಗ ಕೈ ಹಿಡಿದು ಕೂರುತ್ತಿದ್ದೆ. ಪ್ರತಿ ಬೆಳಿಗ್ಗೆ ಅತ್ತೆ ಬೆನ್ನು ತೋರಿಸಿ, "ತಲೆ ಬಾಲ ಕೂಡಿತಾ ನೋಡು ಮಾರಾಯ್ತಿ" ಎನ್ನುವರು. ಅರ್ಧ ತಮಾಷೆ, ಅರ್ಧ ಭಯ. ಬೆನ್ನ ನಡುಗೆರೆ ದಾಟಿಲ್ಲ ಎಂದು ನಾನು ಹೇಳಬೇಕು.

ಗುಳ್ಳೆ ಬಾಡತೊಡಗಿದ ಒಂದು ಮಧ್ಯಾಹ್ನ ಲೋಷನ್ ಹಚ್ಚುತ್ತಾ, "ಮಾವ ಇದ್ದಿದ್ದರೆ ಕೊಯಿಲದಿಂದ ಸೀಯಾಳ ಹೊತ್ತು ತರುತ್ತಿದ್ದರು" ಎಂದೆ. ಅತ್ತೆ ನಗಲು ಶುರುಮಾಡಿದರು. ಪಕ್ಕೆ ನೋಯುತ್ತದೆ, ನಗು ನಿಲ್ಲುವುದಿಲ್ಲ.

"ಅವರಿಗೆ ಆಗಿರ್ಲೇ ಇಲ್ಲ ಗೊತ್ತುಂಟಾ?"

"ಎಂತದು?"

"ಕೋಟ್ಲೆ. ಹುಬ್ಬಿನ ಹತ್ತಿರ ಇದ್ದದ್ದು ಕರು ಹಾಯ್ದ ಗುರುತು."

ಅವರ ಮಗ ಶಾಲೆಯಿಂದ ಕೋಟ್ಲೆ ತಂದಾಗ, ನನಗೆ ಆಗಿದೆ ಎಂದು ಮಾವನೇ ಮಗನ ಹತ್ತಿರ ಮಲಗಿದರಂತೆ. ಎರಡು ವಾರಕ್ಕೆ ಅವರಿಗೆ ಮೈ ತುಂಬ ಬಿತ್ತು. ಅತ್ತೆ ಅವರ ತಲೆ ಬಗ್ಗಿಸಿ ಕೂದಲು ಬಿಡಿಸಿ ನೋಡಿದರೆ ತಲೆ ತುಂಬ ಗುಳ್ಳೆ. ಆಗ ನಿಜ ಬಾಯಿಬಿಟ್ಟರು.

"ನನಗೆ ಸಿಟ್ಟು ಬಂತು. ಅಷ್ಟು ದೊಡ್ಡ ಸುಳ್ಳು ಹೇಳಿ ಬಂದು ಕೂತದ್ದಾ, ನಿಮಗೆ ಹಿಡಿದಿದ್ದರೆ ಅಂತ ಕೇಳಿದೆ. 'ಅಷ್ಟು ದೂರ ಬಂದು ದಣಪೆಯಿಂದ ಮಾತಾಡಿ ಹೋಗುದು ಹೇಗೆ' ಅಂದ್ರು. ತಲೆಯೊಳಗೂ ಇತ್ತು ಅಂತ ಹೇಳ್ಬೇಕು ಅಂತ ಅವರಿಗೆ ಕಲಿಸಿಕೊಟ್ಟದ್ದು ನೀನಂತೆ."

"ಹಾಗಾದ್ರೆ ಅಜ್ಜಿ ಕಳಿಸಿದ ತೊಗಟೆ?"

"ಅಜ್ಜಿಗೆ ಗೊತ್ತಾದ್ರೆ ಮರ್ಯಾದೆ ಹೋಗ್ತದೆ ಅಂತ ಚೇರೆ ಅಂತ ಹೇಳಿ ಕಳಿಸಿದ್ದು. ಆ ತೊಗಟೆಯ ನೀರಲ್ಲೇ ಮೀಯಿಸಿದೆ ಪಾಪ, ಕೋಟ್ಲೆ ಮುಗಿದ ಮೇಲೆ."

ಅಂದು ಚಾಪೆಯ ಪಕ್ಕ ಕೂತಾಗ ಮಾವ ಎಷ್ಟು ಧೈರ್ಯ ಮಾಡಿದ್ದರು ಎಂದು ನಾವ್ಯಾರೂ ಯೋಚಿಸಿರಲಿಲ್ಲ. ಒಣಗಿದ ಮೇಲೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಈಗ. ಅಂದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ದೊಡ್ಡವರಿಗೆ ಬಿದ್ದರೆ ಹೇಗಿರುತ್ತದೆ ಎಂಬುದನ್ನು ಎದುರಿಗೇ, ಅತ್ತೆಯ ಮುಖದಲ್ಲೇ ಕಂಡಿದ್ದರು. ಕಂಡೂ ಎದ್ದು ಹೋಗಲಿಲ್ಲ. ನಾನು ಲೋಷನ್ನಿನ ಮುಚ್ಚಳ ಹುಡುಕುವ ಹಾಗೆ ಮಾಡಿದೆ.

ಅತ್ತೆಯ ನಗು ನಿಂತಿತ್ತು. ಅವರು ನನ್ನ ಕೈಯನ್ನು ತಮ್ಮ ಕೈಯೊಳಗೆ ಎಳೆದುಕೊಂಡು, ಕಿಟಕಿಯ ಕಡೆ ನೋಡುತ್ತಾ ಹೇಳಿದರು, "ಈಗ ಇದ್ದಿದ್ರೆ ಸುಳ್ಳು ಹೇಳದೆ ಹತ್ತಿರ ಕೂತುಕೊಳ್ಬಹುದಿತ್ತು."